ಡಿಲನ್ ತನ್ನ ಹಾಡು ತಾನೇ ಬದಲಿಸಿ ಹಾಡಿದ್ರ ಫ್ಯಾನ್ಸಿಗೆ ಯಾಕ ಸಿಟ್ಟು ಬರ್ತೈತಿ?

2024ರ ಡಿಸೆಂಬರ್‌ನಾಗ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಮ್ಯಾಲೆ ‘ಎ ಕಂಪ್ಲೀಟ್ ಅನ್‌ನೋನ್’ ಅಂತ ಸಿನಿಮಾ ಬಂತಲ್ರಿ, ತಿಮೊಥಿ ಶಾಲಮೆ ಪಾರ್ಟ್ ಮಾಡಿದ್ದು, 8 ಆಸ್ಕರ್ ನಾಮಿನೇಷನ್ ಆಗಿದ್ದು, ಅದು ಬಂದ ಮ್ಯಾಲೆ ನಮ್ಮ ಬಳ್ಳಾರಿ ಕಡೆ ಕಾಲೇಜು ಹುಡುಗರೂ ಇಯರ್‌ಫೋನ್ ಹಾಕ್ಕೊಂಡು ಅರವತ್ತರ ದಶಕದ ಹಾಡು ಕೇಳಾಕ ಹತ್ಯಾರ. ನನಗ ಭಾಳ ಖುಷಿ ಆಗೈತಿ. ಆದ್ರ ಅವರೇ ಒಂದು ತಿಂಗಳು ಬಿಟ್ಟು ಬಂದು ಕೇಳೋ ಪ್ರಶ್ನೆ ಏನಂದ್ರ, ಅಣ್ಣಾ ಈ ಅಜ್ಜ ಈಗ ಹಾಡೋ ಹಾಡಿನ ರೆಕಾರ್ಡಿಂಗ್ ಕೇಳಿದ್ವಿ, ಅದೇ ಹಾಡು ಅಂತ ಗೊತ್ತೇ ಆಗಲಿಲ್ಲ, ಅರ್ಧ ಹಾಡು ಮುಗಿದ ಮ್ಯಾಲೆ ಒಂದು ಸಾಲು ಗುರ್ತು ಸಿಕ್ತು, ಇದೇನಿದು, ದುಡ್ಡು ಕೊಟ್ಟು ಹೋದೋರಿಗೆ ಮೋಸ ಅಲ್ಲೇನು ಅಂತ. ಇದು ನಮ್ಮ ಹುಡುಗರ ಪ್ರಶ್ನೆ ಅಷ್ಟೇ ಅಲ್ಲ, ಜಗತ್ತಿನ ತುಂಬಾ ಡಿಲನ್ ಫ್ಯಾನ್ಸ್ ಅರವತ್ತು ವರ್ಷದಿಂದ ಇದೇ ಜಗಳ ಆಡ್ಕೋತ ಬಂದಾರ. ಇದನ್ನ ಬಿಡಿಸಿ ನೋಡಾಕ ನಮ್ಮ ಸೀಮೆಯೋರಿಗೆ ಒಂದು ಒಳ್ಳೆ ದಾರಿ ಐತಿ ಅಂತ ನನ್ನ ನಂಬಿಕಿ, ಅದಕ್ಕ ಉದ್ದ ಬರೀತೀನಿ, ಪೂರ್ತಿ ಓದ್ರಿ.

ಮೊದಲು ಈಗಿನ ಶೋ ಹೆಂಗಿರ್ತಾವ ಅನ್ನೋದು. 2020ರಾಗ ಅವನ ‘ರಫ್ ಅಂಡ್ ರೌಡಿ ವೇಸ್’ ಆಲ್ಬಮ್ ಬಂತು, ಅದರ ಹೆಸರಿನ ಟೂರ್ 2021ರ ನವೆಂಬರ್ 2ಕ್ಕ ಅಮೆರಿಕದ ಮಿಲ್ವಾಕಿಯಿಂದ ಶುರುವಾತು, 2025ರಾಗೂ ನಡೀತು, ಅಂದ್ರ 84ನೇ ವಯಸ್ಸಿನಾಗೂ ಮನುಷ್ಯ ರೋಡಿನ ಮ್ಯಾಲೇ ಇದ್ದ. ಸ್ಟೇಜ್ ಮ್ಯಾಲೆ ಬೆಳಕು ಕಮ್ಮಿ, ಅವನು ಪಿಯಾನೋ ಹಿಂದೆ, ಜನರ ಜೊತಿ ಮಾತು ಇಲ್ಲ ಅಂದ್ರೂ ನಡೀತೈತಿ, ಸುಮಾರು 17 ಹಾಡು, ಅದರಾಗ ಅರ್ಧ ಆ ಹೊಸ ಆಲ್ಬಮ್ ಹಾಡೇ. ಜಗತ್ತೆಲ್ಲಾ ಬಲ್ಲ ದೊಡ್ಡ ದೊಡ್ಡ ಹಾಡು ಭಾಳ ರಾತ್ರಿ ಬರೋದೇ ಇಲ್ಲ. ಬಂದ ಹಳೇ ಹಾಡೂ ಧಾಟಿ ಬ್ಯಾರೆ, ವೇಗ ಬ್ಯಾರೆ, ಒಮ್ಮೊಮ್ಮೆ ಮಾತೂ ಬ್ಯಾರೆ. ಮ್ಯಾಲೆ ಒಳಗ ಫೋನ್ ಬಳಸಾಕ ಬಿಡಂಗಿಲ್ಲ, ಬಾಗಿಲಾಗೇ ಒಂದು ಚೀಲದಾಗ ಹಾಕಿ ಲಾಕ್ ಮಾಡಿ ನಿಮ್ಮ ಕೈಗೇ ಕೊಡ್ತಾರ, ಹೊರಗ ಬಂದ ಮ್ಯಾಲೆ ತೆಗೀಬೇಕು.

ಇದಕ್ಕ ಫ್ಯಾನ್ಸ್ ಹೆಂಗ ಒಡೆದು ಹೋಗ್ಯಾರ ಅಂದ್ರ, ಒಂದು ಕಡೆ ರೆಕಾರ್ಡ್ ಕೇಳಿ ಬೆಳೆದೋರು, ಅವರಿಗೆ ಹಾಡು ಅಂದ್ರ ಡಿಸ್ಕಿನ ಮ್ಯಾಲೆ ಇರೋದು, ಮನಿಯಾಗ ಯಾರೋ ತೀರಿಕೊಂಡಾಗ ಕೇಳಿದ್ದು, ಮೊದಲ ಪ್ರೀತಿಯಾಗ ಕೇಳಿದ್ದು, ಆ ಧಾಟಿ ಬದಲಾದ್ರ ಅವರ ನೆನಪಿಗೇ ಕೈ ಹಾಕಿದಂಗ ಆಗ್ತೈತಿ, ಅದನ್ನ ನಾನು ತಳ್ಳಿ ಹಾಕಂಗಿಲ್ಲ. ಇನ್ನೊಂದು ಕಡೆ ಟೂರ್ ಹಿಂದೆ ಹಿಂದೆ ಹೋಗೋರು, ಒಂದೇ ಹಾಡನ್ನ ಹೋದ ವರ್ಷ ಹೆಂಗ ಹಾಡಿದ್ದ, ನಿನ್ನೆ ಹೆಂಗ ಹಾಡಿದ ಅಂತ ಹೋಲಿಸಿ ಹೋಲಿಸಿ ಖುಷಿ ಪಡೋರು, ಇವರಿಗೆ ರೆಕಾರ್ಡ್ ಅಂದ್ರ ಬರೀ ಮೊದಲ ಕರಡು. ಈಗ ಸಿನಿಮಾ ನೋಡಿ ಬಂದ ಹೊಸ ಹುಡುಗರು ನಡುವೆ ನಿಂತಾರ, ಅವರು ನೋಡಿದ ಡಿಲನ್‌ಗೆ ಇಪ್ಪತ್ತು ಇಪ್ಪತ್ನಾಲ್ಕು ವಯಸ್ಸು, ಸ್ಟೇಜ್ ಮ್ಯಾಲೆ ಇರೋನು ಬ್ಯಾರೆ ಮನುಷ್ಯನೇ ಅನ್ನಿಸ್ತಾನ.

ನಮ್ಮೋರಿಗೆ ಡಿಲನ್ ಯಾಕಪ್ಪ ಅನ್ನೋರಿಗೂ ಒಂದು ಮಾತು ಹೇಳ್ಬೇಕು. ಅವನು ಹುಟ್ಟಿದ್ದು 1941ರ ಮೇ 24ಕ್ಕ, ಮಿನೆಸೋಟ ರಾಜ್ಯದ ಡುಲೂತ್‌ನಾಗ, ಬೆಳೆದಿದ್ದು ಮಾತ್ರ ಹಿಬ್ಬಿಂಗ್ ಅನ್ನೋ ಅದಿರಿನ ಊರಾಗ. ನಮ್ಮ ಸಂಡೂರಿನ ಹಂಗೇ ಕಬ್ಬಿಣದ ಅದಿರು. ಊರ ಪಕ್ಕ ಮೈಲಿಗಟ್ಟಲೆ ಬಾಯಿ ತೆರೆದ ಗಣಿ, ಅದಿರು ಊರ ಕೆಳಗೂ ಐತಿ ಅಂತ ಗೊತ್ತಾದಾಗ 1919ರಿಂದ ಊರನ್ನೇ ಎತ್ತಿ, ಮನಿ ಮನಿ ದಿಮ್ಮಿ ಮ್ಯಾಲೆ ಉರುಳಿಸಿಕೊಂಡು, ಸುಮಾರು 2 ಮೈಲಿ ದಕ್ಷಿಣಕ್ಕ ಸರಿಸಿದ್ರು. ಅವನ ಅಪ್ಪ ಅಣ್ಣತಮ್ಮರ ಜೊತಿ ಆ ಊರಾಗ ಕರೆಂಟಿನ ಸಾಮಾನಿನ ಅಂಗಡಿ ಇಟ್ಟಿದ್ದ. ಗಣಿ ನಡೆದ್ರ ಅಂಗಡಿ, ಗಣಿ ನಿಂತ್ರ ಉದ್ರಿ, ಇದನ್ನ ಬಳ್ಳಾರಿಯೋರಿಗೆ ಬಿಡಿಸಿ ಹೇಳೋದು ಬ್ಯಾಡ. 1964ರ ಜನವರಿಗೆ ಬಂದ ಆಲ್ಬಮ್‌ನಾಗ ‘ನಾರ್ತ್ ಕಂಟ್ರಿ ಬ್ಲೂಸ್’ ಅಂತ ಒಂದು ಹಾಡೈತಿ, ಗಣಿ ಊರಿನ ಹೆಣ್ಣುಮಗಳು ತನ್ನ ಕಥೆ ಹೇಳ್ತಾಳ, ದಕ್ಷಿಣ ಅಮೆರಿಕದಾಗ ಅದಿರು ಅಗ್ಗ, ಅಲ್ಲಿ ಕೂಲಿ ಇನ್ನೂ ಕಮ್ಮಿ, ಅದಕ್ಕ ಇಲ್ಲಿ ಗಣಿ ಮುಚ್ಚಿದ್ರು, ಅಂಗಡಿ ಒಂದೊಂದೇ ಬಾಗಿಲು ಹಾಕ್ತಾವ, ಮಕ್ಕಳು ಊರು ಬಿಡ್ತಾರ. 2011ರ ಜುಲೈನಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆ ಗಣಿಗಾರಿಕೆ ನಿಲ್ಸಿತಲ್ಲ, ಕಾರಣ ಪೂರಾ ಬ್ಯಾರೆ, ನಿಲ್ಲಿಸಬೇಕಾಗಿದ್ದೂ ಖರೇ, ಆದ್ರ ಆಮೇಲೆ ಸಾಲಾಗಿ ನಿಂತ ಲಾರಿ, ಕಂತು ಕಟ್ಟಲಾರದ ಡ್ರೈವರ್‌ಗಳು, ಖಾಲಿ ಹೋಟೆಲು, ಇವನ್ನ ನೋಡಿದೋರಿಗೆ ಆ ಹೆಂಗಸಿನ ದನಿ ಹತ್ತಿರದ್ದು ಅನ್ನಿಸ್ತೈತಿ. ಆ ಹಾಡು ಶುರುವಾಗೋದೇ ಬರ್ರಿ ಕುಂದ್ರಿ ಒಂದು ಕಥೆ ಹೇಳ್ತೀನಿ ಅಂತ ಜನರನ್ನ ಕರೆಯೋದ್ರಿಂದ. ಹಳೇ ಕಥನಗೀತದ ಪದ್ಧತಿ ಅದು, ನಮ್ಮ ಲಾವಣಿ, ಬುರ್ರಕಥೆ ಕೇಳಿದೋರಿಗೆ ಹೊಸದಲ್ಲ.

ಇಲ್ಲೇ ನನ್ನ ಮಾತಿನ ಬೇರೈತಿ. ಡಿಲನ್ ಬಂದಿದ್ದೇ ಅಂಥಾ ಜನಪದದಿಂದ. ಅವನ ಎಲ್ಲಕ್ಕಿಂತ ಹೆಸರಾದ ‘ಬ್ಲೋಯಿಂಗ್ ಇನ್ ದಿ ವಿಂಡ್’ ಧಾಟಿ ಗುಲಾಮರಾಗಿದ್ದ ಕರಿಯ ಜನರ ಒಂದು ಹಳೇ ಹಾಡಿನಿಂದ ಹುಟ್ಟಿದ್ದು, ಅದನ್ನ ಅವನೇ ಒಪ್ಪಿಕೊಂಡಾನ. ಅಂದ್ರ ಧಾಟಿ ಊರಿಂದು, ಮಾತು ಅವನದು. ಹಂಗ ಹುಟ್ಟಿದ ಹಾಡನ್ನ ಒಂದೇ ರೂಪದಾಗ ಕಟ್ಟಿ ಹಾಕಿದ್ದು ಯಾರು? ರೆಕಾರ್ಡ್ ಕಂಪನಿ, ರೇಡಿಯೋ, ಆಮೇಲೆ ನಮ್ಮ ಕಿವಿ. ‘ಲೈಕ್ ಎ ರೋಲಿಂಗ್ ಸ್ಟೋನ್’ ತಗೋರಿ, 1965ರ ಜೂನ್ 15 ಮತ್ತು 16, ಎರಡು ದಿನ ಸ್ಟುಡಿಯೋದಾಗ ಅದನ್ನ ತಿರುಗಿಸಿ ತಿರುಗಿಸಿ ಹಾಡಿದ್ರು, ಮೊದಲ ದಿನ ಅದು ವಾಲ್ಟ್ಜ್ ತಾಳದಾಗ, ಮೂರು ಏಟಿನ ನಡೆಯಾಗ ಇತ್ತು, ಎರಡನೇ ದಿನದ 4ನೇ ಟೇಕ್ ಚಲೋ ಬಂತು ಅಂತ ಅದನ್ನೇ ಡಿಸ್ಕಿಗೆ ಹಾಕಿದ್ರು, ಅದರ ಮುಂದಿನ ಟೇಕ್‌ನಾಗ ಮತ್ತ ಸರಿಯಾಗಿ ಕೂಡಲೇ ಇಲ್ಲ. ನಾವು ಒರಿಜಿನಲ್ ಅಂತ ಎದಿಗೆ ಅಪ್ಪಿಕೊಂಡಿರೋದು ಒಂದು ದಿನದ ಒಂದು ಹೊತ್ತಿನ ಹಾಡಿಕೆ. ಅವತ್ತು ಡ್ರಮ್ ಬಾರಿಸೋನು ಬ್ಯಾರೆ ಇದ್ದಿದ್ರ ಒರಿಜಿನಲ್ಲೂ ಬ್ಯಾರೆ ಇರ್ತಿತ್ತು.

ಈಗ ರಾಯಚೂರು ಕಡೆ ಬರ್ರಿ. ವಿಜಯದಾಸರು ಚೀಕಲಪರ್ವಿಯೋರು, ಗೋಪಾಲದಾಸರು ಮೊಸರಕಲ್ಲಿನೋರು, ಜಗನ್ನಾಥದಾಸರು ಬ್ಯಾಗವಾಟದೋರು, ಎಲ್ಲಾ ಆಸುಪಾಸಿನ ಊರೇ. ತಾವೇ ಕಟ್ಟಿ ತಾವೇ ಹಾಡಿಕೊಂಡು ಅಡ್ಡಾಡಿದೋರು, ಸಿಂಗರ್ ಸಾಂಗ್‌ರೈಟರ್ ಅಂತ ಈಗೇನು ಅಂತಾರ ಅವರೇ ಇವರು. ಅವರ ಮಾತು ಉಳಿದಾವ, ಹಾಡಿದ ಧಾಟಿ ಭಾಳಷ್ಟು ಉಳಿದಿಲ್ಲ. ಆದ್ರ ಯಾರಾದ್ರೂ ಕೊರಗ್ಯಾರೇನು? ಗುರುವಾರ ರಾಯರ ಮಠದಾಗ ಒಂದು ಭಜನಾ ಮಂಡಳಿಯೋರು ಒಂದು ಧಾಟಿಯಾಗ ಹಾಡ್ತಾರ, ಪಕ್ಕದ ಓಣಿಯೋರು ಅದೇ ಪದಕ್ಕ ಬ್ಯಾರೆ ಧಾಟಿ ಹಿಡೀತಾರ, ಲಗ್ನ ಆಗಿ ಬಂದ ಸೊಸಿ ತವರುಮನಿ ಧಾಟಿ ತಂದಿರ್ತಾಳ, ಅತ್ತಿ ಅದನ್ನ ಕೇಳಿ ಚಲೋ ಐತಲ್ಲ ಕಲಿಸು ಅಂತಾಳ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಭೀಮಸೇನ ಜೋಶಿಯವರು ಹಾಡಿದ್ದು ಬ್ಯಾರೆ, ಬೆಂಗಳೂರು ಮೈಸೂರು ಕಡೆ ಕಛೇರಿಯಾಗ ಕೇಳೋದು ಬ್ಯಾರೆ, ಎರಡೂ ಪುರಂದರದಾಸರದ್ದೇ ಅಂತ ನಮಗ ಅನುಮಾನವೇ ಬರಂಗಿಲ್ಲ. ರಾಯಚೂರಿನ ರಂಗಮಂದಿರಕ್ಕ ಹೆಸರು ಕೊಟ್ಟ ಸಿದ್ಧರಾಮ ಜಂಬಲದಿನ್ನಿಯವರು ವಚನ, ದಾಸರ ಪದ ಹಾಡ್ತಿದ್ರಲ್ಲ, ಅವು ಅವರ ಗಾಯಕಿಯಾಗ ಹೊಸದಾಗಿ ಹುಟ್ಟಿ ಬಂದಂಗ ಇರ್ತಿದ್ವು.

ಬಳ್ಳಾರಿ ಕಡೆಯದೇ ಇನ್ನೊಂದು ದೊಡ್ಡ ಸಾಕ್ಷಿ ದರೋಜಿ ಈರಮ್ಮನೋರು. ಬುರ್ರಕಥಾ ಈರಮ್ಮ ಅಂದ್ರ ನಾಡಿಗೇ ಗೊತ್ತು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತ್ತು, 2014ರಾಗ ತೀರಿಕೊಂಡ್ರು. ಓದು ಬರಹ ಇಲ್ಲ, ಕುಮಾರರಾಮನ ಕಥೆ ಅಂಥಾ ದೊಡ್ಡ ದೊಡ್ಡ ಕಾವ್ಯ ಬಾಯಾಗ. ಬುರ್ರಕಥೆ ಹಾಡೋರಿಗೆ ಎದುರಿಗೆ ಕೂತ ಜನರೇ ಅಳತಿ, ಹೆಣ್ಣುಮಕ್ಕಳು ಹೆಚ್ಚಿದ್ರ ಒಂದು ಸನ್ನಿವೇಶ ಬೆಳೀತೈತಿ, ಹೊತ್ತು ಮೀರಿದ್ರ ಇನ್ನೊಂದು ಮೊಟಕಾಗ್ತೈತಿ, ಕಣ್ಣೀರು ಬಂದ ಕಡೆ ನಿಲ್ತಾರ. ನಿನ್ನೆ ರಾತ್ರಿ ಹಾಡಿದಂಗೇ ಇವತ್ತೂ ಹಾಡ್ರಿ ಅಂತ ಕೇಳಿದ್ರ ಆ ಮಾತಿಗೆ ಅರ್ಥವೇ ಇಲ್ಲ. ಕಂಪನಿ ನಾಟಕದಾಗೂ ಅಷ್ಟೇ, ಒನ್ಸ್ ಮೋರ್ ಅಂತ ಜನ ಕೂಗಿದ್ರ ಸುಭದ್ರಮ್ಮ ಮನ್ಸೂರ್ ಅಂಥೋರು ಅದೇ ರಂಗಗೀತೆ ಎರಡನೇ ಸಲ ಹಾಡುವಾಗ ಮೊದಲಿನಂಗೇ ಹಾಡ್ತಿದ್ದಿಲ್ಲ, ಒಂದು ಆಲಾಪ ಜಾಸ್ತಿ, ಒಂದು ತಿರುವು ಹೊಸದು, ಜನ ಕೂಗಿದ್ದೇ ಅದಕ್ಕ.

ಇಷ್ಟು ಹೇಳಿ ಡಿಲನ್ ಮಾಡಿದ್ದೆಲ್ಲಾ ಸರಿ ಅಂದು ಮುಗಿಸಬಹುದಿತ್ತು, ಭಾಳ ಜನ ಹಂಗೇ ಮುಗಿಸ್ತಾರ, ಜನಪದ ಅಂದ್ರ ಹರಿಯೋ ನೀರು ಅಂತ. ಆದ್ರ ಸಿಟ್ಟಾದ ಫ್ಯಾನ್ಸ್ ಮಾತನ್ನ ಕಿವಿಗೊಟ್ಟು ಕೇಳಿದ್ರ ಅವರ ನೋವು ಬ್ಯಾರೆ ಕಡೆ ಐತಿ. ನಮ್ಮ ಭಜನೆಯಾಗ ಧಾಟಿ ಬದಲಾದ್ರೂ ಯಾಕ ನಡೀತೈತಿ? ಒಬ್ರು ಒಂದು ಸಾಲು ಹೇಳಿದ್ರ ಎಲ್ಲಾರೂ ತಿರುಗಿ ಹೇಳ್ತಾರ, ಎರಡನೇ ನುಡಿಗೆ ಬರೋದ್ರೊಳಗ ಹೊಸ ಧಾಟಿ ಎಲ್ಲರ ಬಾಯಿಗೂ ಕೂತಿರ್ತೈತಿ, ತಾಳ ಕೈಯಾಗೈತಿ, ಮಾತು ಮೊದಲೇ ಬಾಯಿಪಾಠ. ಬದಲಾವಣಿ ಒಳಗ ಬರಾಕ ಜನರಿಗೂ ಬಾಗಿಲು ತೆರೆದಿರ್ತೈತಿ. ಡಿಲನ್ ಶೋದಾಗ ಆ ಬಾಗಿಲಿಲ್ಲ. ಸಾವಿರಾರು ಜನ ಆ ಮಾತನ್ನ ಬಾಯಿಪಾಠ ಮಾಡಿಕೊಂಡು ಬಂದಿರ್ತಾರ, ಜೊತಿಗೆ ಹಾಡಬೇಕು ಅಂತ ಉಸಿರು ತಗೊಂಡ್ರ ಅಷ್ಟೊತ್ತಿಗೆ ಅವನು ಸಾಲನ್ನ ಎಲ್ಲೋ ಮುರಿದು, ಅರ್ಧ ಮೊದಲೇ ಉದುರಿಸಿ, ಅರ್ಧ ತಡೆದು ಹಾಡಿ ಮುಗಿಸಿರ್ತಾನ. ಜನ ಬರೀ ಕೇಳೋರಾಗಿ ಉಳೀತಾರ. ಸಿಟ್ಟಿನ ಬೇರು ಇದೇ ಅಂತ ನನಗ ಅನ್ನಿಸ್ತೈತಿ: ಹಾಡು ಬದಲಾತು ಅನ್ನೋದಕ್ಕಿಂತ, ಬದಲಾಗುವಾಗ ನಮ್ಮನ್ನ ಹೊರಗ ನಿಲ್ಸಿದ ಅನ್ನೋದು. ಈ ಎರಡನ್ನ ಬ್ಯಾರೆ ಮಾಡದೇ ಜಗಳ ಆಡಿದ್ರ ಅದು ಮುಗಿಯಂಗಿಲ್ಲ.

ಇತಿಹಾಸ ನೋಡಿದ್ರೂ ಹಂಗೇ ಕಾಣ್ತೈತಿ. 1965ರ ಜುಲೈ 25, ನ್ಯೂಪೋರ್ಟ್ ಜನಪದ ಹಬ್ಬ, ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬ್ಯಾಂಡ್ ಜೊತಿ ಬಂದ, ಒಂದಷ್ಟು ಜನ ಕೂಗಾಡಿದ್ರು. ಎಲೆಕ್ಟ್ರಿಕ್ ಅನ್ನೋದಕ್ಕೇ ಸಿಟ್ಟು ಅಂತ ಎಲ್ಲಾ ಕಡೆ ಬರೀತಾರ. ಆದ್ರ ಹಿರಿಯ ಗಾಯಕ ಪೀಟ್ ಸೀಗರ್ ಆಮೇಲೆ ಹೇಳಿದ್ದು ಏನಂದ್ರ, ಸೌಂಡ್ ಎಷ್ಟು ಕೆಟ್ಟಿತ್ತು ಅಂದ್ರ ಮಾತೇ ಕೇಳ್ತಿದ್ದಿಲ್ಲ, ನನ್ನ ಸಿಟ್ಟು ಅದಕ್ಕ ಅಂತ. ಅವತ್ತೂ ಮಾತು ಕೇಳಲಿಲ್ಲ ಅನ್ನೋದೇ ದೂರು. ಮುಂದಿನ ವರ್ಷ ಮೇ 17ಕ್ಕ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಾಗ ಮೊದಲರ್ಧ ಒಬ್ಬನೇ ಗಿಟಾರ್ ಹಿಡಿದು ಹಾಡಿದ, ಎಲ್ಲಾ ಶಾಂತ, ಎರಡನೇ ಅರ್ಧ ಬ್ಯಾಂಡ್ ಬಂತು, ಗುಂಪಿನೊಳಗಿಂದ ಒಬ್ಬ ಜೂಡಾಸ್ ಅಂತ ಕೂಗಿದ, ಅಂದ್ರ ಏಸುವನ್ನ ಹಿಡಿದುಕೊಟ್ಟ ದ್ರೋಹಿ. ಅದಕ್ಕ ಡಿಲನ್, ‘ನಿನ್ನ ನಂಬಂಗಿಲ್ಲ, ನೀನು ಸುಳ್ಳುಗಾರ’ ಅಂದು, ಬ್ಯಾಂಡ್‌ಗೆ ಜೋರಾಗಿ ಬಾರಿಸ್ರಿ ಅಂದ. ಆ ಟೇಪ್ ವರ್ಷಗಟ್ಟಲೆ ಕಳ್ಳ ಡಿಸ್ಕಿನಾಗ, ಲಂಡನ್ನಿನ ಆಲ್ಬರ್ಟ್ ಹಾಲ್‌ದು ಅನ್ನೋ ತಪ್ಪು ಹೆಸರಿನಾಗ ಕೈಯಿಂದ ಕೈಗೆ ಹೋಗಿ 1998ರಾಗ ಅಧಿಕೃತವಾಗಿ ಬಂತು, ಇವತ್ತು ಕೇಳಿದ್ರ ಮೈ ಜುಮ್ ಅಂತೈತಿ. ಅವತ್ತು ದ್ರೋಹ ಅನ್ನಿಸಿದ್ದನ್ನೇ ಇವತ್ತು ಫ್ಯಾನ್ಸ್ ಎಲ್ಲಕ್ಕಿಂತ ಶ್ರೇಷ್ಠ ಅಂತಾರ. 1979ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಬರೀ ಭಕ್ತಿಗೀತೆ ಹಾಡ್ತೀನಿ, ಹಳೇದು ಒಂದೂ ಹಾಡಂಗಿಲ್ಲ ಅಂದಾಗಲೂ ಇದೇ ಕಥೆ, ಅವತ್ತು ಬೈಸಿಕೊಂಡ, ಈಗ ಆ ರೆಕಾರ್ಡಿಂಗ್ ಹುಡುಕಿ ಹುಡುಕಿ ಕೇಳೋರು ಅದಾರ.

ಆಮೇಲೆ 1988ರ ಜೂನ್ 7ರಿಂದ ಶುರುವಾದ ಓಡಾಟ ಸೇರಿಸಿ ನೋಡ್ರಿ, ಜನ ಅದಕ್ಕ ನೆವರ್ ಎಂಡಿಂಗ್ ಟೂರ್ ಅಂತಾನೇ ಹೆಸರಿಟ್ರು, 2019ರ ಹೊತ್ತಿಗೆ 3000 ಶೋ ದಾಟಿತ್ತು. ಅಷ್ಟು ಸಲ ಒಂದೇ ಹಾಡು ಒಂದೇ ನಮೂನಿ ಹಾಡಿದ್ರ ಮನುಷ್ಯ ಯಂತ್ರ ಆಗ್ತಾನ. 2016ರಾಗ ಸಾಹಿತ್ಯದ ನೊಬೆಲ್ ಬಂದಾಗ ಅವನು ಸ್ಟಾಕ್‌ಹೋಮ್‌ನ ಸಮಾರಂಭಕ್ಕ ಹೋಗಲಿಲ್ಲ, ಡಿಸೆಂಬರ್ 10ಕ್ಕ ಅವನ ಪರವಾಗಿ ಗಾಯಕಿ ಪ್ಯಾಟಿ ಸ್ಮಿತ್ ಅವನ ಹಾಡು ಹಾಡಿದ್ರು, ನಡುವೆ ಸಾಲು ಮರೆತು ನಿಂತ್ರು, ಕ್ಷಮಿಸ್ರಿ ಭಾಳ ಹೆದರಿಕಿ ಆಗೈತಿ ಅಂದ್ರು, ಸಭೆ ಚಪ್ಪಾಳೆ ತಟ್ಟಿ ಧೈರ್ಯ ಕೊಡ್ತು. ಆ ಹಾಡಿಕೆ ಎಷ್ಟೋ ಜನರಿಗೆ ಪ್ರಿಯ ಆಗಿದ್ದು ಆ ಮರೆವಿನಿಂದಲೇ. 2017ರ ನೊಬೆಲ್ ಉಪನ್ಯಾಸದಾಗ ಡಿಲನ್ ಹೇಳಿದ್ದೂ ಇದೇ, ಹಾಡು ಇರೋದು ಹಾಡಾಕ, ಓದಾಕ ಅಲ್ಲ ಅಂತ.

ಹಂಗಾದ್ರ ಸಿಟ್ಟಾದೋರ ಎಲ್ಲಾ ದೂರೂ ಬಿಡೋಣೇನು? ಇಲ್ಲ. ಧಾಟಿ ಬದಲಿಸಿದ ಅನ್ನೋ ದೂರು ನಾನು ಒಪ್ಪಂಗಿಲ್ಲ. ಮಾತು ಕೇಳಲಿಲ್ಲ ಅನ್ನೋದನ್ನ ಪೂರಾ ಒಪ್ತೀನಿ. ಮಾತಿಗೇ ನೊಬೆಲ್ ತಗೊಂಡೋನ ಶೋದಾಗ ಮಾತು ನುಂಗಿ ಹೋದ್ರ ಅದು ಕೇಳೋರ ತಪ್ಪಲ್ಲ, ಕೆಲವು ವರ್ಷದ ರೆಕಾರ್ಡಿಂಗ್ ಕೇಳಿದ್ರ ನಿಜವಾಗ್ಲೂ ಒಂದು ಅಕ್ಷರ ಬಿಡಿಸಾಕ ಆಗಂಗಿಲ್ಲ, ಫ್ಯಾನ್ ಆಗಿ ಹೇಳ್ತೀನಿ, ಅಲ್ಲಿ ಅವನು ಸೋತಾನ. ಆದ್ರ ಈ 2021ರ ನಂತರದ ಟೂರ್‌ನಾಗ ಮಾತು ಮತ್ತ ಸ್ಪಷ್ಟ ಆಗೈತಿ, ದನಿ ಒಡೆದಿದ್ರೂ ಪದ ಪದ ಇಟ್ಟು ಹಾಡ್ತಾನ, ಹಳೇ ಫ್ಯಾನ್ಸ್ ಭಾಳ ಜನ ಇದನ್ನೇ ಹೇಳ್ತಾರ. ದನಿ ಕೆಟ್ಟೈತಿ ಅನ್ನೋರಿಗೆ ನನ್ನ ಉತ್ತರ ಸಣ್ಣದು: ಎಂಬತ್ತು ದಾಟಿದ ಅಜ್ಜ 24ರ ದನಿ ತರಬೇಕು ಅನ್ನೋದು ನ್ಯಾಯ ಅಲ್ಲ. ನಮ್ಮ ಕಡೆ ಮುದುಕರು ಕೊಪ್ಪಳದ ಗವಿಸಿದ್ದೇಶ್ವರ ಜಾತ್ರಿಯಾಗ ತತ್ವಪದ ಹಾಡಿದ್ರ ಆ ಒಡಕು ದನಿಗೇ ನಾವು ಕೂತು ಕೇಳ್ತೀವಲ್ಲ.

ಫೋನ್ ವಿಷಯಕ್ಕೂ ಜಗಳ ಐತಿ. ದೂರದೋರಿಗೆ ಕೇಳಾಕ ಸಿಗೋದೇ ಇಲ್ಲ, ನಮ್ಮಂಥೋರು ಬಳ್ಳಾರಿಯಾಗ ಕೂತೋರು ಏನು ಮಾಡ್ಬೇಕು ಅಂತ ಹುಡುಗರು ಕೇಳಿದ್ದು ಖರೇ ಮಾತು, ಕದ್ದು ರೆಕಾರ್ಡ್ ಮಾಡೋರು ಇಲ್ಲದಿದ್ರ ಮ್ಯಾಂಚೆಸ್ಟರ್ ಟೇಪ್‌ಗೆ ಅಷ್ಟು ಹೆಸರೂ ಬರ್ತಿದ್ದಿಲ್ಲ. ಆದ್ರೂ ನಾನು ಫೋನ್ ಬ್ಯಾಡ ಅನ್ನೋರ ಕಡೆ. ಹಂಪಿ ಉತ್ಸವಕ್ಕ ಹೋದೋರಿಗೆ ಗೊತ್ತು, ಎದುರಿಗೆ ನಿಂತ ಕಲಾವಿದರು ಕಾಣಂಗಿಲ್ಲ, ಮುಂದಿನೋರ ಕೈಯಾಗಿನ ಸ್ಕ್ರೀನ್ ಕಾಣ್ತೈತಿ. ಹಾಡು ಬದಲಾಗ್ತೈತಿ ಅಂದ್ರ ಅವತ್ತಿನದನ್ನ ಅವತ್ತೇ ಕಿವಿ ಬಿಟ್ಟು ಕೇಳ್ಬೇಕಲ್ಲ, ನಾಳೆ ನೋಡೋಣ ಅಂತ ಫೋನಿನಾಗ ತುಂಬಿದ್ರ ಎರಡೂ ಹೋಗ್ತೈತಿ.

ನನಗ ಜಾಸ್ತಿ ಚಿಂತಿ ಇರೋದು ಡಿಲನ್ ಬಗ್ಗೆ ಅಲ್ಲ, ನಮ್ಮ ಸ್ಟೇಜ್ ಬಗ್ಗೆ. ಗಣಪತಿ ಹಬ್ಬಕ್ಕೋ ಜಾತ್ರಿಗೋ ರಸಮಂಜರಿ ಇಟ್ರ ಹಾಡೋ ಹುಡುಗನಿಗೆ ಜನ ಕೊಡೋ ದೊಡ್ಡ ಸರ್ಟಿಫಿಕೇಟ್ ಯಾವುದು? ಥೇಟ್ ಎಸ್‌ಪಿಬಿ ಹಾಡಿದಂಗೇ ಐತಿ ಅಂತ. ಟ್ರ್ಯಾಕ್ ಹಾಕಿ ಅದರ ಮ್ಯಾಲೆ ಹಾಡ್ತಾರ, ಒಂದು ಆಲಾಪ ಆಚೆ ಈಚೆ ಆದ್ರ ತಪ್ಪು ಹಾಡಿದ ಅಂತಾರ. ಗುರುವಾರ ಭಜನೆಯಾಗ ಹೊಸ ಧಾಟಿಗೆ ತಾಳ ಹಾಕಿದ ಅದೇ ಮನುಷ್ಯ ಶನಿವಾರ ರಸಮಂಜರಿಯಾಗ ಒಂದು ಸ್ವರ ಬದಲಾದ್ರೂ ಸಹಿಸಂಗಿಲ್ಲ. ಒಂದೇ ಮನುಷ್ಯನಿಗೆ ಎರಡು ಕಿವಿ, ಒಂದನ್ನ ಮನಿ ಓಣಿ ಬೆಳೆಸೈತಿ, ಇನ್ನೊಂದನ್ನ ಕ್ಯಾಸೆಟ್ಟು ಬೆಳೆಸೈತಿ. ಎಸ್‌ಪಿಬಿ ಅವರೇ ಸ್ಟೇಜ್ ಮ್ಯಾಲೆ ಹಾಡುವಾಗ ನಗು ಸೇರಿಸ್ತಿದ್ರು, ಹೊಸ ಸಂಗತಿ ಹಾಕ್ತಿದ್ರು, ಅವರನ್ನ ಕಾಪಿ ಮಾಡೋ ಹುಡುಗನಿಗೆ ಮಾತ್ರ ಆ ಸ್ವಾತಂತ್ರ್ಯ ಇಲ್ಲ. ಹಿಂಗಾಗಿ ನಮ್ಮ ಜಿಲ್ಲೆಯಾಗ ದನಿ ಚಲೋ ಇರೋ ಎಷ್ಟೋ ಹುಡುಗ ಹುಡುಗಿಯರು ಇಪ್ಪತ್ತು ವರ್ಷ ಹಾಡಿದ್ರೂ ಅವರ ದನಿ ಯಾವುದು ಅಂತ ಊರಿಗೇ ಗೊತ್ತಾಗಂಗಿಲ್ಲ, ಇದು ನನಗ ಖರೇನ ಸಂಕಟ ಕೊಡೋ ವಿಷಯ. ತಾವೇ ಬರೆದು ಹಾಡೋರಿಗಂತೂ ಸ್ಟೇಜೇ ಸಿಗಂಗಿಲ್ಲ, ಸಿಕ್ರೂ ಎರಡನೇ ಹಾಡಿಗೆ ಸಿನಿಮಾ ಹಾಡು ಹಾಡ್ರಿ ಅಂತ ಚೀಟಿ ಬರ್ತೈತಿ.

ಹುಡುಗರಿಗೆ ನಾನು ಹೇಳೋದು ಇಷ್ಟೇ, ಡಿಲನ್‌ನ ಈಗಿನ ಶೋದಿಂದ ಶುರು ಮಾಡಬ್ಯಾಡ್ರಿ, ಒಂದೇ ಹಾಡು ಹಿಡೀರಿ. ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ ಸರಿಯಾದ ಹಾಡು. 1975ರ ಆಲ್ಬಮ್‌ನಾಗ ಇರೋದನ್ನ ಬಾಯಿಪಾಠ ಆಗೋವರೆಗೂ ಕೇಳ್ರಿ, ಆಮೇಲೆ ಅದಕ್ಕೂ ಮೊದಲು 1974ರಾಗ ನ್ಯೂಯಾರ್ಕ್‌ನಾಗ ರೆಕಾರ್ಡ್ ಮಾಡಿ ಪಕ್ಕಕ್ಕ ಇಟ್ಟಿದ್ದನ್ನ ಕೇಳ್ರಿ, ಅಲ್ಲಿ ಕಥೆ ಹೇಳೋನು ಕೆಲವು ಕಡೆ ನಾನು ಅನ್ನೋದು ಬಿಟ್ಟು ಅವನು ಅಂತ ಹೇಳ್ತಾನ, ಅಷ್ಟಕ್ಕೇ ಹಾಡು ದೂರ ನಿಂತಂಗ ಆಗ್ತೈತಿ. ಆಮೇಲೆ 1984ರ ಯುರೋಪ್ ಟೂರ್‌ನ ಲೈವ್ ಆಲ್ಬಮ್, ಅದರಾಗ ನುಡಿಗೆ ನುಡಿಯೇ ಹೊಸದಾಗಿ ಬರೆದಾನ. ಮೂರನೇದು ಕೇಳುವಾಗ ಮಾತು ಕೈಯಾಗ ಇಟ್ಕೊಂಡು ಕೇಳ್ರಿ, ಯಾವ ಸಾಲು ಹೋತು, ಯಾವುದು ಬಂತು, ಯಾಕ ಅಂತ ನಿಮ್ಮ ನಿಮ್ಮಲ್ಲೇ ವಾದ ಮಾಡ್ರಿ. ಮಾಡಿದ ಮ್ಯಾಲೂ 1975ರದ್ದೇ ಚಲೋ ಅನ್ನಿಸಿದ್ರ ಅನ್ನಿಸಲಿ, ನನಗೂ ಈ ಹಾಡಿನ ಮಟ್ಟಿಗೆ ಅದೇ ಇಷ್ಟ.